ಬೆಲೆಂನಲ್ಲಿ ಮೆರೆದ ನಮ್ಮ ಅರ್ಧ ಮನೆ

ಊರಿನ ಜಂಬ ಕೊಚ್ಚುವುದರಲ್ಲಿ ಐರ್ಲೆಂಡಿನ ಈ ಗಾಲ್ವೇಯಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಪಕ್ಕದ ಮನೆಗೆ ಬ್ರೆಜಿಲ್‌ನ ಬೆಲೆಂ ನಗರದವಳು ಬಂದ ಮೇಲೆ ಆ ಭ್ರಮೆ ಹೋಯಿತು. ನಾವಿಬ್ಬರೂ ಪಾರ್ಕ್‌ಮೋರ್‌ನ ಒಂದೇ ಕಂಪನಿಯಲ್ಲಿ, ಹೃದಯದೊಳಗೆ ತೂರಿಸುವ ಸಪೂರ ಕೊಳವೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇವೆ. ಮನೆಗಳೂ ಜೋಡಿಮನೆಗಳೇ, ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಡು.

ನಾನು ಮಂಗಳೂರಿನ ಮಳೆ ಎಂದರೆ ಅವಳು ಬೆಲೆಂನ ಮಳೆ ಎನ್ನುವಳು. ಅಲ್ಲಿ ಮಧ್ಯಾಹ್ನದ ಮಳೆಗೆ ಎಂಥ ನಿಯತ್ತೆಂದರೆ, ಜನ ಗಡಿಯಾರ ಬಿಟ್ಟು 'ಮಳೆಗೆ ಮೊದಲು ಸಿಗೋಣ', 'ಮಳೆ ಆದ ಮೇಲೆ ಸಿಗೋಣ' ಎನ್ನುತ್ತಾರಂತೆ. ಮಾವಿನ ಸುದ್ದಿ ತೆಗೆದರೆ, ಅವಳ ಊರಲ್ಲಿ ಬೀದಿಬೀದಿಗೆ ಮಾವಿನ ಮರಗಳದ್ದೇ ಚಪ್ಪರ. ಕೊನೆಗೆ ಗೇರುಬೀಜ ಹಿಡಿದೆ.

"ಅದೂ ನಮ್ಮದೇ ಕಣೇ. ಪೋರ್ಚುಗೀಸರು ನಮ್ಮ ದೇಶದಿಂದ ಹಡಗಲ್ಲಿ ತಂದು ನಿಮಗೆ ಕೊಟ್ಟಿದ್ದು" ಎಂದಳು.

ಸಂಜೆ ಗೂಗಲ್ ಮಾಡಿ ನೋಡಿದೆ. ನಿಜ. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ನದೀತೀರದಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆ, ರಬ್ಬರಿನ ದುಡ್ಡಿನಲ್ಲಿ ಎದ್ದ ನಾಟಕಶಾಲೆ, ನಸುಕಿಗೇ ದೋಣಿಗಳಿಂದ ಹಣ್ಣಿನ ಬುಟ್ಟಿ ಇಳಿಯುವ ಮಾರುಕಟ್ಟೆ, ಎಲ್ಲವನ್ನೂ ಅವಳಿಂದಲೇ ತಿಳಿದೆ. ಆದರೆ ಅವಳ ದನಿ ಮೆತ್ತಗಾಗುತ್ತಿದ್ದುದು ಅಕ್ಟೋಬರಿನ ಹಬ್ಬದ ಮಾತು ಬಂದಾಗ. ಹೊಳೆಬದಿಯಲ್ಲಿ ಒಬ್ಬ ಬಡವನಿಗೆ ಮಾತೆ ಮೇರಿಯ ಪುಟ್ಟ ಮೂರ್ತಿ ಸಿಕ್ಕಿತಂತೆ. ಮನೆಗೆ ಒಯ್ದರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಹೊಳೆಬದಿಯಲ್ಲಿ. ಕೊನೆಗೆ ಅಲ್ಲೇ ಗುಡಿ ಎದ್ದಿತು. ಈ ಕಥೆಯನ್ನು ನನಗೆ ಬಿಡಿಸಿ ಹೇಳಬೇಕೆ? ನಮ್ಮ ಕಡೆ ಅರ್ಧ ದೇವಸ್ಥಾನಗಳು ಹುಟ್ಟಿದ್ದೇ ಹೀಗೆ. ಹಬ್ಬದ ಭಾನುವಾರ ಜನ ಬರಿಗಾಲಲ್ಲಿ ನುಗ್ಗಿ ಮೆರವಣಿಗೆಯಲ್ಲಿ ಮೂರ್ತಿಯ ತೇರೆಳೆಯುವ ದಪ್ಪ ಹಗ್ಗಕ್ಕೆ ಕೈ ತಾಗಿಸುತ್ತಾರೆ. ಕಾಲು ವಾಸಿಯಾದವರು ಮೇಣದ ಕಾಲು ಒಪ್ಪಿಸುತ್ತಾರೆ. ಮನೆ ಬೇಡಿಕೊಂಡವರು ಪುಟ್ಟ ಮನೆಯೊಂದನ್ನು ಮಾಡಿಸಿ ತಲೆಯ ಮೇಲೆ ಹೊತ್ತು ನಡೆಯುತ್ತಾರೆ.

ಅವಳು ತನ್ನ ಅರ್ಧ ಮನೆಯನ್ನು ಕೊಂಡಾಗಿತ್ತು. ನಮ್ಮದು ಬಾಡಿಗೆ. ಈ ಬೇಸಿಗೆಯಲ್ಲಿ ಮಾಲೀಕರು ಮನೆ ಮಾರುವುದಾಗಿ ನೋಟಿಸ್ ಕೊಟ್ಟರು. ಕೊಳ್ಳಲು ನಾವೂ ಬಿಡ್ ಹಾಕಿದೆವು. ನಾವು ಏರಿಸಿದಂತೆಲ್ಲ ಇನ್ಯಾರೋ ಏರಿಸಿದರು. ಮಗಳು ಅಂಬೆಗಾಲಿಟ್ಟ ಮನೆ ಅದು. ಈ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಹುಡುಕುವುದೆಂದರೆ ಹುಲಿಯ ಹಾಲು ತಂದಂತೆ.

"ಎಲ್ಲಾ ಗ್ರ್ಯಾಂಡ್ ಆಗತ್ತೆ ಬಿಡೇ" ಎಂದರು ನನ್ನ ಗಂಡ, ಎಲ್ಲದಕ್ಕೂ 'ಗ್ರ್ಯಾಂಡ್' ಎನ್ನುವ ಇಲ್ಲಿನವರ ಹಾಗೆ.

"ಗ್ರ್ಯಾಂಡಂತೆ ಗ್ರ್ಯಾಂಡು! ಚಳಿಗಾಲದಲ್ಲಿ ಸಾಮಾನು ಎಲ್ಲಿಡ್ತೀರಿ, ಅದನ್ನ ಹೇಳಿ" ಎಂದು ನಾನು ಹರಿಹಾಯ್ದೆ.

ಅಕ್ಟೋಬರಿನ ಆ ಭಾನುವಾರ ಮಧ್ಯಾಹ್ನ ಗೆಳತಿ ನಮ್ಮನ್ನು ತನ್ನ ಮನೆಗೆ ಕರೆದಳು. ಮಗಳಿಗೆ ಮನೆಯಾದರೆ ಅದನ್ನು ಹೊತ್ತು ನಡೆಯುತ್ತೇನೆಂದು ಬೆಲೆಂನಲ್ಲಿ ಅವಳ ತಾಯಿ ಹರಕೆ ಹೇಳಿಕೊಂಡಿದ್ದರು. ಗೆಳತಿ ಕಳಿಸಿದ್ದ ಫೋಟೋ ನೋಡಿ ಅಲ್ಲಿನ ಬಡಗಿಯೊಬ್ಬ ಬೆಂಡಿನಂಥ ಹಗುರ ಮರದಲ್ಲಿ ಮನೆ ಮಾಡಿಕೊಟ್ಟಿದ್ದ. ಅವಳ ತಮ್ಮ ಮೆರವಣಿಗೆಯ ಮಧ್ಯದಿಂದ ವಿಡಿಯೋ ಕಾಲ್ ಮಾಡಿದ. ಜನಸಾಗರದ ನಡುವೆ ಬೆವರಿಳಿಸಿಕೊಂಡು ಒಬ್ಬ ಮುದುಕಿ ನಡೆಯುತ್ತಿದ್ದರು. ತಲೆಯ ಮೇಲಿನ ಮನೆಗೆ ಎರಡು ಬಾಗಿಲು, ಎರಡು ಹೊಗೆಗೂಡು.

"ಅಮ್ಮಾ, ದಟ್ಸ್ ಅವರ್ ಡೋರ್!" ಎಂದು ನನ್ನ ಮಗಳು ಕೂಗಿದಳು.

ಹೌದು. ನಮ್ಮದೇ ಹಳದಿ ಬಾಗಿಲು. ಅದರ ಮೇಲೆ ನಾನು ಕಟ್ಟಿದ್ದ ಪ್ಲಾಸ್ಟಿಕ್ ಮಾವಿನ ತೋರಣವನ್ನೂ ಆ ಪುಣ್ಯಾತ್ಮ ಬಿಡದೆ ಬರೆದಿದ್ದ.

ಗೆಳತಿ ನಾಚಿ ಕೆಂಪಾಗಿ ತನ್ನ ಭಾಷೆಯಲ್ಲಿ ಏನೋ ಕಿರುಚಿದಳು. ಆಮೇಲೆ ನಮಗೆ ಹೇಳಿದಳು: "ನಮ್ಮದು ಅರ್ಧ ಮಾತ್ರ, ಆ ಕಡೆದು ಬೇರೆಯವರದ್ದು ಅಂದೆ. ಅರ್ಧ ಮನೆ ಯಾರಾದ್ರೂ ಹೊರ್ತಾರಾ ಅಂತ ಅಮ್ಮ ನನಗೇ ಬೈತಿದ್ದಾಳೆ. ಆ ಮನೆಯವರಿಗೆ ಏನು ಬೇಕಂತೆ ಅಂತ ಕೇಳ್ತಿದ್ದಾಳೆ."

"ಆ ಮನೆಯೇ ಬೇಕು ಅಂತ ಹೇಳು" ಎಂದೆ.

ಮುದುಕಿ ನನ್ನ ಹೆಸರು ಕೇಳಿ ತಿಳಿದರು. ಆ ಲಕ್ಷಾಂತರ ಜನರ ನಡುವೆ, ಮನೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಾತೆಗೆ ಕೇಳುವಂತೆ ನನ್ನ ಹೆಸರನ್ನು ತಪ್ಪುತಪ್ಪಾಗಿ, ಗಟ್ಟಿಯಾಗಿ ಕೂಗಿದರು. ನಾನು ಅತ್ತುಬಿಟ್ಟೆ. ಅಷ್ಟು ದೊಡ್ಡ ಹೆಮ್ಮೆ ನನ್ನ ಮದುವೆಯ ದಿಬ್ಬಣದಲ್ಲೂ ಆಗಿರಲಿಲ್ಲ.

ನವೆಂಬರಿನಲ್ಲಿ ಎದುರು ಬಿಡ್ ಹಾಕುತ್ತಿದ್ದವರು ಹಿಂದೆ ಸರಿದರು. ಮನೆ ನಮ್ಮದಾಯಿತು. ಮಾತೆ ಕೊಟ್ಟಳೋ ಬ್ಯಾಂಕ್ ಕೊಟ್ಟಿತೋ, ನಾನು ವಾದಕ್ಕೆ ಹೋಗುವುದಿಲ್ಲ. ಸುದ್ದಿ ತಿಳಿಸಲು ಬೆಲೆಂಗೆ ಫೋನ್ ಮಾಡಿದೆವು. ಗೆಳತಿ ನಡುವೆ ಕೂತು ಅತ್ತಿತ್ತ ತರ್ಜುಮೆ ಮಾಡಿದಳು.

"ಕೇಳಿದ್ದು ನಾನು, ತೀರಿಸಬೇಕಾದವಳು ನೀನು. ಮುಂದಿನ ಹಬ್ಬಕ್ಕೆ ಬಾ" ಎಂದರು ಮುದುಕಿ.

"ಬರ್ತೀನಮ್ಮ. ನನ್ನ ಅರ್ಧ ಮನೆ ಮಾಡಿಸಿಡಿ, ಹೊರ್ತೀನಿ."

ಆ ಕಡೆಯಿಂದ ಬೈಗುಳವೇ ಬಂತು.

"ಅರ್ಧ ಅಂತೆ! ನಾನು ನಿನ್ನದನ್ನ ಬಿಟ್ಟು ಹೊತ್ತಿದ್ನಾ? ಪೂರ್ತಿ ಹೊರಬೇಕು. ನನ್ನ ಮಗಳದ್ದೂ ಸೇರಿಸಿ."