ಮಿಲ್ಟನ್ ಅಡ್ಡೆಯ ಮೊದಲ ಖಂಡೆಪೂಜೆ

ನಾನು ಮೈಸೂರಿನವಳು, ಅದರಲ್ಲೂ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಸರಳು ಇಲ್ಲದೆ ಮನೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುವ ಪೈಕಿಯವಳಲ್ಲ. ಮದುವೆಯಾಗಿ ಟೊರಾಂಟೊಗೆ ಬಂದ ಹೊಸದರಲ್ಲಿ ಮಾವ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅರ್ಧ ಕಟ್ಟಿದ ಮನೆಯೊಂದರ ಮುಂದೆ ನಿಲ್ಲಿಸಿದರು. ಬರೀ ಮರದ ಪಟ್ಟಿಗಳು. ಒಂದು ಕಡೆಯಿಂದ ನೋಡಿದರೆ ಇನ್ನೊಂದು ಕಡೆಯ ಆಕಾಶ ಕಾಣುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಗಾಳಿ ಬಂದ್ರೆ ಹಾರ್ಕೊಂಡು ಹೋಗಲ್ವಾ ಮಾವ ಇದು?"

"ಮರಾ ಗಾಳ್ಯಾಗ ನಿಂತ ಬೆಳದಿರತೈತಿ, ಯವ್ವಾ. ಗಾಳಿ ಅಂದ್ರ ಏನಂತ ಅದಕ್ಕ ನಾವು ಕಲಸಬೇಕೇನ?"

ಕಾಲೇಜಿನ ನಾಲ್ಕು ವರ್ಷದಲ್ಲಿ ಯಾವ ಮೇಷ್ಟರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಮಾವನ ಅಪ್ಪ ಅಳ್ನಾವರದಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದವರು. ಆ ಕಡೆ ಮರ ಕೊಯ್ದು ಮಾರುವ ಜಾಗಕ್ಕೆ ಅಡ್ಡೆ ಅನ್ನುತ್ತಾರೆ. ಹಾಗಾಗಿ ಇಲ್ಲಿಯವರು 'ಲಂಬರ್ ಯಾರ್ಡ್' ಅನ್ನುವುದು ನಮ್ಮ ಮನೆಯಲ್ಲಿ ಇಂದಿಗೂ ಅಡ್ಡೆಯೇ. ಮಾವ ಇಲ್ಲಿ ಶುರು ಮಾಡಿದ್ದು ಟೊರಾಂಟೊದ ಅಂಚಿನ ರೆಕ್ಸ್‌ಡೇಲಿನ ಒಂದು ಕಾರ್ಖಾನೆಯ ಹಿತ್ತಲಲ್ಲಿ, ಸಾಮಾನು ಹೇರುವ ಪ್ಯಾಲೆಟ್‌ಗಳ ರಿಪೇರಿಯಿಂದ. ಮುರಿದ ಪ್ಯಾಲೆಟ್ಟುಗಳಿಂದ ಅತ್ತೆ ಮೊಳೆ ಕೀಳುವುದು, ಮಾವ ಹೊಸ ಪಟ್ಟಿ ಬಡಿಯುವುದು. ಅತ್ತೆ ಸೀರೆ ಮೇಲೆ ಗಂಡಸರ ಜಾಕೆಟ್ ತೊಟ್ಟು, ಹಿಮದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಳೆ ಕೀಳುವ ಫೋಟೋ ಒಂದು ಮನೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಕಷ್ಟಗಳು ನನಗೇ ನಾಚಿಕೆ ತರಿಸುತ್ತವೆ.

ಪ್ಯಾಲೆಟ್ಟಿನಿಂದ ಬೇಲಿ ಹಲಗೆ, ಬೇಲಿಯಿಂದ ತೊಲೆ. ಊರು ಪಶ್ಚಿಮಕ್ಕೆ ಬೆಳೆದ ಹಾಗೆ ಅಡ್ಡೆಯೂ ಅದರ ಬೆನ್ನು ಹತ್ತಿತು. ಓಕ್‌ವಿಲ್‌ನ ಕೆರೆದಂಡೆಯ ದೊಡ್ಡ ಮನೆಗಳವರಿಗೆ ಹಿತ್ತಲಿನ ಜಗಲಿಗೆ ಸೀಡರ್ ಮರ ಬೇಕು ಎಂದು ಗೊತ್ತಾದಾಗ ಅಲ್ಲೊಂದು ಅಡ್ಡೆಯಾಯಿತು. ಅದನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ಒಂಟಾರಿಯೋ ಕೆರೆಯನ್ನು ನಾನು 'ಸಮುದ್ರ' ಅಂದರೆ ಅತ್ತೆ ಬಿಡುವುದಿಲ್ಲ. "ಉಪ್ಪಿಲ್ಲಂದ ಮ್ಯಾಲ ಕೆರೀನ" ಎಂಬುದು ಅವರ ತೀರ್ಪು. ತಮಾಷೆಯೆಂದರೆ, ನಮಗೆ ಬೇಕಾದ ಮರವೆಲ್ಲ ದೇಶದ ಆ ತುದಿಯ ಬೆಟ್ಟಗಳಿಂದ ರೈಲಿನಲ್ಲಿ ಪೂರ್ವಕ್ಕೆ ಬರುತ್ತದೆ. ಅದು ಇತ್ತ ಬರುತ್ತಿದ್ದರೆ ನಾವು ಅತ್ತ ಸರಿಯುತ್ತಾ ಇದ್ದೇವೆ.

ರೆಕ್ಸ್‌ಡೇಲಿನ ಅಡ್ಡೆಯ ಕೌಂಟರಿನಲ್ಲಿ ಕೆಲಸಕ್ಕೆ ಕೂತ ಮೊದಲ ವಾರವೇ ನಾನು ಒಂದು ಲಾರಿ ಮರವನ್ನು ವಾಪಸು ಕಳಿಸಲು ಹೊರಟಿದ್ದೆ. ಟೂ-ಬೈ-ಫೋರ್ ಅಂತ ಬರೆದಿದ್ದಾರೆ, ಟೇಪು ಹಿಡಿದರೆ ಒಂದೂವರೆಗೆ ಮೂರೂವರೆ ಇಂಚು. ಮೋಸ ಹಿಡಿದೆನೆಂದು ಡ್ರೈವರನ ಮೇಲೆ ಕೂಗಾಡಿದೆ. ಕೊಯ್ದು, ಒಣಗಿಸಿ, ನಯ ಮಾಡಿದ ಮೇಲೆ ಅಷ್ಟು ಉಳಿಯುತ್ತದೆ, ಲೋಕವೆಲ್ಲ ಅದನ್ನೇ ಟೂ-ಬೈ-ಫೋರ್ ಅನ್ನುತ್ತದೆ ಎಂಬುದು ಈ ಇಂಜಿನಿಯರಮ್ಮನಿಗೆ ಗೊತ್ತಿರಲಿಲ್ಲ. ಅತ್ತೆ ಇಂದಿಗೂ ಮನೆಗೆ ಬಂದವರಿಗೆಲ್ಲ ಈ ಕತೆ ಹೇಳಿ ನಗಿಸುತ್ತಾರೆ.

ಇಂಥ ನನಗೇ ಮಾವ ಹೊಸದಾಗಿ ತೆರೆದ ಮಿಲ್ಟನ್ ಅಡ್ಡೆ ವಹಿಸಿದರು. ಟೊರಾಂಟೊದ ಪಶ್ಚಿಮಕ್ಕಿರುವ ಆ ಊರಿನ ಜೋಳದ ಹೊಲಗಳೆಲ್ಲ ಸಾಲುಮನೆಗಳಾಗುತ್ತಿದ್ದ ಕಾಲ. ವಹಿಸುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದರು: "ಒಂದ ವರ್ಷ ನೋಡೂಣು. ಆಗಲಿಲ್ಲಂದ್ರ ಬಾಗಲಾ ಹಾಕೂದು. ನೀ ಮತ್ತ ಕೌಂಟರಿಗೆ." ಮಿಲ್ಟನ್ನಿನ ಬಿಲ್ಡರುಗಳಿಗೆ ಅವರವರ ಹಳೆಯ ಅಡ್ಡೆಗಳಿದ್ದವು. ವರ್ಷ ಮುಗಿಯುತ್ತ ಬಂದರೂ ಚಿಲ್ಲರೆ ವ್ಯಾಪಾರವೇ ಹೊರತು ದೊಡ್ಡ ಆರ್ಡರು ಒಂದೂ ಇಲ್ಲ. ಕೊನೆಗೆ ಒಬ್ಬ ಬಿಲ್ಡರನ ಸೂಪರ್‌ವೈಸರು, ನರೆತ ಗಡ್ಡದ ಸಿಡುಕು ಮನುಷ್ಯ, ಒಂದು ಮನೆಯ ಮರ ಕೇಳಿದ. ಇದು ಸರಿಹೋದರೆ ಆ ಸಾಲಿನ ಮನೆಗಳೆಲ್ಲ ನಿಮಗೆ ಅಂದ. ಲಾರಿ ತನ್ನದೇ ತರುತ್ತಾನೆ. ನಾಲ್ಕಕ್ಕೆ ಬಂದರೆ ಆರರೊಳಗೆ ತುಂಬಿ ಕಳಿಸಬೇಕು, ಆರಕ್ಕೆ ಅವರ ಸೈಟಿನ ಗೇಟು ಮುಚ್ಚುತ್ತದೆ, ಮಾರನೆಯ ಬೆಳಿಗ್ಗೆ ಏಳಕ್ಕೆ ಬಡಗಿಗಳು ಬರುತ್ತಾರೆ. ಮರದ ಕಟ್ಟು ಎತ್ತುವ ಫೋರ್ಕ್‌ಲಿಫ್ಟ್ ಇದ್ದರೆ ಅದು ಅರ್ಧ ಗಂಟೆಯ ಕೆಲಸ. ನಾನು ಹಿಗ್ಗಿ ಮಾತು ಕೊಟ್ಟೆ.

ಅವನು ಹೇಳಿದ ದಿನ ಆಯುಧಪೂಜೆ, ಮಾವನ ಕಡೆಯವರ ಬಾಯಲ್ಲಿ ಖಂಡೆಪೂಜೆ, ಎಂಬುದು ನನಗೆ ಗೊತ್ತಿತ್ತು, ಮರೆತಿರಲಿಲ್ಲ. ನಮ್ಮ ಮೈಸೂರಿನಲ್ಲಿ ಬೆಳಿಗ್ಗೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದನ್ನು ಪಚಕ್ಕನೆ ತುಳಿಸಿ ಗಾಡಿಯನ್ನು ಒಂದು ಸುತ್ತು ಓಡಿಸಿಯೇ ಬಿಡುತ್ತೇವೆ. ಓಡಿಸದಿದ್ದರೆ ಪೂಜೆ ಮುಗಿದ ಹಾಗೇ ಅಲ್ಲ. ಹಿಂದಿನ ವರ್ಷಗಳಲ್ಲಿ ರೆಕ್ಸ್‌ಡೇಲಿನ ಪೂಜೆಗೆ ಹೋಗಿ, ಪ್ರಸಾದ ತಿಂದು ಮನೆಗೆ ಬಂದಿದ್ದೆ. ಆಮೇಲೆ ಅಲ್ಲಿ ಏನು ನಡೆಯುತ್ತದೆಂದು ನೋಡಿರಲಿಲ್ಲ.

ಅಂದು ಬೆಳಿಗ್ಗೆ ಅತ್ತೆ-ಮಾವ ಮಿಲ್ಟನ್ ಅಡ್ಡೆಗೆ ಬೂದುಗುಂಬಳ, ಚೆಂಡುಹೂವು ತಂದರು. ಗರಗಸದ ಯಂತ್ರ, ಫೋರ್ಕ್‌ಲಿಫ್ಟ್, ನಮ್ಮ ಲಾರಿ, ಸುತ್ತಿಗೆ, ಕಡೆಗೆ ಆಫೀಸಿನ ಕತ್ತರಿಗೂ ಕುಂಕುಮ. ನಮ್ಮಲ್ಲಿ ಕೆಲಸಕ್ಕಿದ್ದ ಸರ್ದಾರ್ಜಿಯೂ ಇನ್ನಿಬ್ಬರೂ ಕೈಮುಗಿದರು. ಮಂಗಳಾರತಿಯಾದ ಮೇಲೆ ಮಾವ ಯಂತ್ರಗಳ ಕೀಲಿಗಳನ್ನೆಲ್ಲ ದೇವರ ಮುಂದಿನ ತಟ್ಟೆಯಲ್ಲಿಟ್ಟರು. ನಾಲ್ಕಕ್ಕೆ ಲಾರಿ ಬರುತ್ತೆ ಎಂದು ನಾನು ಹೇಳಿದ್ದು ಆಗ.

"ನಾಳೆ ಮುಂಜಾನಿತನಕ ಯಾವ್ದೂ ಅಳ್ಳಾಡಂಗಿಲ್ಲ," ಅಂದರು ಮಾವ.

"ನಮ್ಮೂರಲ್ಲಿ ಪೂಜೆ ಆದ ತಕ್ಷಣ ಓಡಿಸ್ತೀವಿ ಮಾವ. ನಾನು ಮಾತು ಕೊಟ್ಬಿಟ್ಟಿದೀನಿ!"

"ನಿಮ್ಮೂರಾಗ ಓಡಸ್ರಿ, ಬ್ಯಾಡನ್ನಂಗಿಲ್ಲ. ವರ್ಷಪೂರ್ತಿ ಈ ಗರಗಸ ನಮ್ಮ ಬೆರಳ ಉಳಿಸೇತಿ. ಒಂದಿನಾ ಮಕ್ಕೊಳ್ಳಿ."

ನನಗೆ ರೇಗಿಹೋಯಿತು. ವರ್ಷದ ಕೆಲಸವೆಲ್ಲ ಒಂದು ಕುಂಕುಮದ ಬೊಟ್ಟಿನಿಂದ ನೀರುಪಾಲಾಗುತ್ತದಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಕ್‌ವಿಲ್‌ನಲ್ಲಿದ್ದ ಗಂಡನಿಗೆ ಫೋನು ಮಾಡಿದರೆ, "ಅಪ್ಪನ ಮುಂದ ನಾ ಏನ್ ಹೇಳ್ಲಿ?" ಅಂದು ಕೈತೊಳೆದುಕೊಂಡರು. ಬಿಲ್ಡರನಿಗೆ ಏನು ಸಬೂಬು ಹೇಳಲಿ ಎಂದು ಯೋಚಿಸುತ್ತಾ ಕೂತಿದ್ದೆ. ಅತ್ತೆ ಪ್ರಸಾದದ ಡಬ್ಬಿ ಮುಚ್ಚುತ್ತಾ, ಯಾರಿಗೂ ಅಲ್ಲವೆಂಬಂತೆ ಅಂದರು: "ಕೈಗೇನ ನಾವು ಹೂವ ಏರಿಸಿಲ್ಲಲ್ಲ. ಕೈ ನಡೀತಾವು."

ಮಾವ ಅತ್ತೆಯ ಮುಖ ನೋಡಿದರು. ಆಮೇಲೆ ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದರು. ಎಪ್ಪತ್ತು ದಾಟಿದ ಮನುಷ್ಯ.

ನಾಲ್ಕಕ್ಕೆ ಸರಿಯಾಗಿ ಲಾರಿ ಬಂತು, ಸೂಪರ್‌ವೈಸರನೇ ಓಡಿಸಿಕೊಂಡು ಬಂದಿದ್ದ. ಇವತ್ತು ನಮ್ಮ ಯಂತ್ರಗಳಿಗೆ ರಜೆ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ನಾಲಿಗೆ ತೊದಲಿತು. ಅವನು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಫೋರ್ಕ್‌ಲಿಫ್ಟನ್ನು ನೋಡಿದ, ನನ್ನನ್ನು ನೋಡಿದ, ಕೈಗಡಿಯಾರ ನೋಡಿದ. ಆರಕ್ಕೆ ಗೇಟು ಮುಚ್ಚುತ್ತದೆ ಎಂದಷ್ಟೇ ಹೇಳಿ ಲಾರಿಯಲ್ಲಿ ಹೋಗಿ ಕೂತ.

ಮೊದಲ ಹೆಜ್ಜೆಗೇ ಎಡವಿದೆವು. ಮರದ ಕಟ್ಟುಗಳಿಗೆ ಉಕ್ಕಿನ ಪಟ್ಟಿ ಬಿಗಿದಿರುತ್ತದೆ, ಅದನ್ನು ಕತ್ತರಿಸುವ ನಮ್ಮ ಕಟರಿಗೂ ಕುಂಕುಮ ಬಿದ್ದಿತ್ತು. ಸರ್ದಾರ್ಜಿ ಹೋಗಿ ಸೂಪರ್‌ವೈಸರನ ಕಟರನ್ನು ಕೇಳಿ ತಂದ. "ಇಸ್ಕೀ ಪೂಜಾ ನಹೀ ಹುಯೀ, ಬಾಬೂಜಿ" ಎಂದು ಮಾವನಿಗೆ ತೋರಿಸಿ ಪಟಪಟನೆ ಕತ್ತರಿಸಿದ. ನಗಬಾರದ ಹೊತ್ತಿನಲ್ಲಿ ಎಲ್ಲರೂ ನಕ್ಕೆವು.

ಸಾಲಾಗಿ ನಿಂತೆವು: ಕಟ್ಟಿನ ಹತ್ತಿರ ಇಬ್ಬರು ಕೆಲಸದವರು, ನಡುವೆ ಮಾವ, ಆಮೇಲೆ ನಾನು ಮತ್ತು ಅತ್ತೆ, ಲಾರಿಯ ಮೇಲೆ ಸರ್ದಾರ್ಜಿ. ಪಟ್ಟಿಗಳು ಕೈಯಿಂದ ಕೈಗೆ ಬರತೊಡಗಿದವು. ಮಾವ ಪ್ರತಿಯೊಂದನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿ ಮುಂದಕ್ಕೆ ಕೊಡುತ್ತಿದ್ದರು. "ಸೊಟ್ಟ" ಎಂದು ಒಂದನ್ನು ಪಕ್ಕಕ್ಕೆ ಎಸೆದರು. "ಹಸಿ" ಎಂದು ಇನ್ನೊಂದನ್ನು. ಹಸಿಯೆಂದು ಹೇಗೆ ಗೊತ್ತಾಯಿತು? ಕೈಗೆ ಬಂದ ಭಾರದಿಂದ. ಇನ್ನೊಂದನ್ನು ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಬಿರುಕಿದೆ ಎಂದರು. ನನಗೆ ನಂಬಿಕೆ ಬಾರದೆ ತುದಿ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟು ಬಿರುಕು ಇತ್ತು.

ನನ್ನ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯದು. ಒಂದು ವರ್ಷ ನಾನು ಮರ ಮಾರಿದ್ದೆ, ಆದರೆ ಒಂದು ಪಟ್ಟಿಯನ್ನೂ ಹೀಗೆ ನೋಡಿರಲಿಲ್ಲ. ಫೋರ್ಕ್‌ಲಿಫ್ಟ್ ಕಟ್ಟಿಗೆ ಕಟ್ಟೇ ಎತ್ತಿಡುತ್ತಿತ್ತು, ನಾನು ಬಿಲ್ಲು ಹರಿದು ಕೊಡುತ್ತಿದ್ದೆ. ಈಗ ಕೈಯಲ್ಲಿ ಹಾದುಹೋಗುವ ಒಂದೊಂದರಲ್ಲೂ ಗೆರೆ ಬೇರೆ, ಗಂಟು ಬೇರೆ, ವಾಸನೆ ಕೂಡ ಬೇರೆ. ನಾನು ಕಾಣದ ಯಾವುದೋ ಬೆಟ್ಟದ ಮೇಲೆ ಎಷ್ಟೋ ಚಳಿಗಾಲ ನಿಂತ ಮರ, ನಾನು ನೋಡದ ಯಾರದೋ ಮನೆಯ ಗೋಡೆಯೊಳಗೆ ನಿಲ್ಲಲು ಹೊರಟಿದೆ, ನಡುವೆ ಒಂದು ಕ್ಷಣ ನನ್ನ ಅಂಗೈಯಲ್ಲಿದೆ. ಹಾರಿಹೋಗುತ್ತದೆ ಎಂದು ನಾನು ನಕ್ಕಿದ್ದು ಇದನ್ನು ನೋಡಿಯೇ.

ಐದರ ಸುಮಾರಿಗೆ ಸೂಪರ್‌ವೈಸರು ಲಾರಿಯಿಂದ ಇಳಿದ. ಪಕ್ಕಕ್ಕೆ ಬಿದ್ದ ಸೊಟ್ಟ ಪಟ್ಟಿಯೊಂದನ್ನು ಎತ್ತಿ, ತಾನೂ ಒಂದು ಕಣ್ಣು ಮುಚ್ಚಿ ನೋಡಿದ. ಗ್ಲೌಸು ಹಾಕಿಕೊಂಡು ಅತ್ತೆಯ ಪಕ್ಕ ನಿಂತ. ಅತ್ತೆ ಅವನಿಗೆ ಕನ್ನಡದಲ್ಲೇ "ಹಂಗಲ್ಲೋ, ನಡಕ ಹಿಡಿ" ಅಂದರು, ಅವನು ಹಾಗೇ ನಡುವೆ ಹಿಡಿದ. ಆರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಲಾರಿ ಹೊರಟಿತು. ಸೈಟು ನಮ್ಮ ರಸ್ತೆಯ ತುದಿಯಲ್ಲೇ ಇದ್ದದ್ದು ನಮ್ಮ ಪುಣ್ಯ.

ಅಷ್ಟಾದರೂ ನನಗೆ ಧೈರ್ಯ ಬರಲಿಲ್ಲ. ಮಾವ ಸ್ವೆಟರ್ ಎತ್ತಿಕೊಂಡು ನೇರ ಹೋಗಿ ಕಾರು ಹತ್ತಿದ್ದರು. ಕೇಳದೆ ಮಾತು ಕೊಟ್ಟ ಸೊಸೆಗೆ ಇನ್ನು ಕೌಂಟರೇ ಗತಿ ಎಂದುಕೊಂಡೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಎಂಟಾಗಿರಲಿಲ್ಲ, ಸೂಪರ್‌ವೈಸರನ ಫೋನು. ಬಡಗಿಗಳು ಒಂದು ಪಟ್ಟಿಯನ್ನೂ ತೆಗೆದಿಡದೆ ಗೋಡೆ ಎಬ್ಬಿಸುತ್ತಿದ್ದಾರೆ, ತನ್ನ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ, ಉಳಿದ ಮನೆಗಳ ಮರವೂ ಹೀಗೇ ಆರಿಸಿ ಕಳಿಸುತ್ತೀರಾ ಎಂದು ಕೇಳಿದ. ಹೂಂ ಅನ್ನಲು ಬಾಯಿ ತೆರೆದವಳು ತಡೆದೆ. ಮನೆಯವರನ್ನು ಕೇಳಿ ಹೇಳುತ್ತೇನೆ ಅಂದೆ.

ಬನ್ನಿ ಕೊಡುವ ಶಾಸ್ತ್ರಕ್ಕೆ ನಾನೂ ಗಂಡನೂ ರೆಕ್ಸ್‌ಡೇಲಿನಲ್ಲಿದ್ದ ಅತ್ತೆ-ಮಾವನ ಮನೆಗೆ ಹೋದೆವು. ಬನ್ನಿ ಮರ ಇಲ್ಲೆಲ್ಲಿ, ಅತ್ತೆ ಹಿತ್ತಲಿನ ಯಾವುದೋ ಎಲೆ ಕಿತ್ತು ತಟ್ಟೆಗಿಟ್ಟಿದ್ದರು. ನಾನು ಫೋನಿನ ವಿಷಯ ಹೇಳಿ, "ಇನ್ನೊಂದ್ಸಲ ನಿಮ್ಮನ್ನ ಕೇಳ್ದೆ ಮಾತು ಕೊಡಲ್ಲ ಮಾವ" ಎಂದು ಎಲೆ ಕೊಟ್ಟು ಕಾಲಿಗೆ ಬಿದ್ದೆ.

ತಲೆಯ ಮೇಲೆ ಕೈ ಬರಲಿಲ್ಲ. ಕಾದೆ. ಬರಲೇ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ. ತಲೆಯೆತ್ತಿ ನೋಡಿದರೆ ಮಾವ ಹಲ್ಲು ಕಚ್ಚಿಕೊಂಡಿದ್ದರು. ಬಲಗೈ ಸೊಂಟದವರೆಗೆ ಬಂದು ನಿಂತಿತ್ತು, ಅಲ್ಲಿಂದ ಮೇಲೆ ಏಳುತ್ತಿರಲಿಲ್ಲ.

"ಪಟ್ಟಿ ಎತ್ತಿ ಎತ್ತಿ ರಾತ್ರಿಯಿಂದ ಹಿಂಗ ಐತಿ. ಹೇಳಬ್ಯಾಡ ಅಂದಿದ್ರು," ಎಂದರು ಅತ್ತೆ. ಗಂಡನ ಮಣಿಕಟ್ಟು ಹಿಡಿದು, ಮೆಲ್ಲಗೆ ಎತ್ತಿ, ತಂದು ನನ್ನ ತಲೆಯ ಮೇಲಿಟ್ಟರು.

"ಇನ್ಮ್ಯಾಲ ಮಾತ ಕೊಡಾಕಿ ನೀನ," ಅಂದರು ಮಾವ. "ಮಿಲ್ಟನ್ ಅಡ್ಡೆ ನಿಂದ, ಯವ್ವಾ."

ನಾನು ಏಳಲಿಲ್ಲ. ಎದ್ದರೆ ಆ ಕೈಯನ್ನು ಮತ್ತೆ ಇಳಿಸಬೇಕಾಗುತ್ತಿತ್ತು.