ಸುನಂದತ್ತೆಯ ಬಾಟಲ್ ಬ್ರಷ್ ಮರ

ಮೊನ್ನೆ ಕೆಂಗೇರಿಯ ನಮ್ಮ ಬೀದಿಯಲ್ಲಿ, ಕರೆಂಟಿನ ತಂತಿಗೆ ತಗಲುತ್ತದೆಂದು ಕಡಿದ ಕೊಂಬೆಗಳನ್ನು ರಾಶಿ ಹಾಕಿದ್ದರು. ತರಕಾರಿ ಚೀಲ ಹಿಡಿದು ದಾಟುವಾಗ ಕಾಲಡಿ ಸಿಕ್ಕ ಎಲೆಗಳಿಂದ ಪೂರ್ತಿ ನಿಂಬೆಯೂ ಅಲ್ಲದ, ನೀಲಗಿರಿಯೂ ಅಲ್ಲದ ವಾಸನೆಯೊಂದು ಎದ್ದಿತು. ನಾನು ಅಲ್ಲೇ ನಿಂತುಬಿಟ್ಟೆ. ವಿಜಯನಗರದ ನಮ್ಮ ಹಳೆಯ ಮನೆಯ ಗೇಟು ತೆಗೆದರೆ ಬರುತ್ತಿದ್ದ ವಾಸನೆ ಅದು. ಬಾಟಲಿ ತೊಳೆಯುವ ಬ್ರಷ್ಷಿನಂಥ ಕೆಂಪು ಹೂವು ಜೋತುಬೀಳುವ ಆ ಮರ ನಿಮ್ಮ ಬೀದಿಯಲ್ಲೂ ಇದ್ದಿರಬೇಕು; ನೀವೂ ಅದರ ಕೆಳಗೆ ಯಾರಿಗಾದರೂ ಕಾದಿರಬೇಕು.

ಸಸಿ ತಂದವಳು ಸುನಂದತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ದಾವಣಗೆರೆಯಿಂದ ತವರಿಗೆ ಬಂದಿದ್ದಳು. ಅಡುಗೆಮನೆ ಅಜ್ಜಿಯದು, ದೇವರಮನೆ ಅಜ್ಜನದು, ರೇಡಿಯೋ ಚಿಕ್ಕಪ್ಪನದು. ಅತ್ತೆಯದು ಅಂತ ಆ ಮನೆಯಲ್ಲಿದ್ದದ್ದು ಗೇಟಿನ ಪಕ್ಕದ ಆ ಗಿಡವೊಂದೇ. ಅದು ಆಳೆತ್ತರ ಬೆಳೆಯಿತು, ಕೊಂಬೆಗಳು ಮಾತ್ರ ಮೇಲೇಳಲಿಲ್ಲ. ತಲೆಗೆ ನೀರು ಹಾಕಿಕೊಂಡು ಕೂದಲು ಮುಂದೆ ಇಳಿಬಿಟ್ಟು ನಿಂತವಳ ಹಾಗಿತ್ತು. ಅತ್ತೆ ಬಿದಿರುಕೋಲು ನೆಟ್ಟು, ಹಳೆಯ ಸೀರೆಯ ಅಂಚು ಹರಿದು ಕಟ್ಟಿ ನಿಲ್ಲಿಸಿದಳು. ತುದಿಗಳು ಮತ್ತೆ ಜೋತವು. ಬರಬರುತ್ತಾ ಎಲೆಗಳು ಹಳದಿಯಾಗಿ ಉದುರತೊಡಗಿದವು.

“ಮನೆ ಮುಂದೆ ಹಿಂಗೆ ತಲೆ ತಗ್ಗಿಸ್ಕೊಂಡು ನಿಂತ್ರೆ ಹೆಂಗಮ್ಮ? ಶ್ರಾವಣದ ಹೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ಕಿತ್ತು ತೆಂಗಿನ ಸಸಿ ಇಡೋಣ,” ಅಂದರು ಅಜ್ಜ.

“ಆಯ್ತಪ್ಪಾ,” ಅಂದಳು ಅತ್ತೆ. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಬೇಸಿಗೆ ಅದು. ಒಂದು ಬೆಳಿಗ್ಗೆ ಅತ್ತೆ ಗಿಡದ ಬುಡದಲ್ಲಿ ಕೂತು ಮಣ್ಣು ಹಿಚುಕಿ ನೋಡಿದಳು. “ನಾನು ನಿನ್ನೆ ಮೊನ್ನೆ ನೀರೇ ಹಾಕಿಲ್ಲ. ಇಲ್ಲಿ ನೋಡಿದ್ರೆ ಗದ್ದೆ ಆಗಿದೆ. ಯಾರ ಕೆಲಸ ಇದು?”

ನನ್ನ ಸ್ಕೂಲ್ ಬಾಟಲಿಯಲ್ಲಿ ಉಳಿದದ್ದು, ಅಜ್ಜಿ ಅಕ್ಕಿ ತೊಳೆದದ್ದು, ಚಿಕ್ಕಪ್ಪ ಸ್ಕೂಟರ್ ಒರೆಸಿದ ಬಕೆಟ್ಟಿನದು, ಎಲ್ಲ ನೀರೂ ಅಲ್ಲಿಗೇ ಹೋಗುತ್ತಿತ್ತು. “ಬಾಡ್ತಿದೆ ಅನ್ಕೊಂಡೆ ಕಣಕ್ಕ,” ಅಂದ ಚಿಕ್ಕಪ್ಪ. ಅಜ್ಜ ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ.

“ಪೂಜೆ ಚೊಂಬು ಎಲ್ಲಿ ಖಾಲಿ ಮಾಡಿ ಬರ್ತೀರಿ ಅಂತ ನಂಗೊತ್ತಿಲ್ವಾ?” ಅಂದಳು ಅಜ್ಜಿ.

“ಆ ನೀರನ್ನ ತುಳಿಯೋ ಕಡೆ ಚೆಲ್ಬಾರ್ದು. ಅದಕ್ಕೇ ಅಲ್ಲಿ ಹಾಕ್ದೆ.”

“ಹೂಂ, ಈಗೀಗ ಪೂಜೆಗೆ ಎರಡೆರಡು ಚೊಂಬು ಬೇಕಾಗುತ್ತಲ್ಲ ನಿಮ್ಗೆ.”

ಅತ್ತೆ ಮಣ್ಣಿನ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕಳು. ತವರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲರೂ ನೀರು ನಿಲ್ಲಿಸಿದರು. ಮಣ್ಣು ಒಣಗಿ ಬಿರಿಯಿತು. ಮಳೆಗೆ ಮೊದಲೇ ರೇಷ್ಮೆಯಂಥ ಚಿಗುರು ಬಂತು, ಅದೂ ಕೆಳಮುಖವಾಗಿಯೇ. “ಇದಕ್ಕೇನೂ ಆಗಿಲ್ಲ, ಇದು ಇರೋದೇ ಹಿಂಗೆ,” ಎಂದು ಅತ್ತೆ ಕೋಲುಗಳನ್ನು ಕಿತ್ತುಹಾಕಿದಳು. ಶ್ರಾವಣ ಬಂದರೂ ಅಜ್ಜ ತೆಂಗಿನ ಮಾತೆತ್ತಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮೊದಲ ಹೂವು ಬಂತು. ಮಾಲೆಗೂ ಒದಗದ, ಮುಡಿಯಲೂ ಬಾರದ ಹೂವು. ಮುಟ್ಟಿದರೆ ಕೆಂಪು ಎಳೆಗಳು ರಂಗೋಲಿಯ ಮೇಲೆ ಉದುರುತ್ತಿದ್ದವು. ಹೂವು ಮುಗಿದ ಮೇಲೆ ಅತ್ತೆ ಒಂದೊಂದೇ ತುದಿಯನ್ನು, ಮಕ್ಕಳ ಕೂದಲು ಕತ್ತರಿಸುವಷ್ಟು ಎಚ್ಚರದಿಂದ, ಚೂರೇ ಚೂರು ಕತ್ತರಿಸುತ್ತಿದ್ದಳು. ಕೆಲವು ವರ್ಷಗಳಲ್ಲಿ ಬೀದಿಯವರೆಲ್ಲ ನಮ್ಮ ಮನೆಯನ್ನು ‘ಸುನಂದಮ್ಮನ ಮರದ ಮನೆ’ ಅನ್ನತೊಡಗಿದರು. ಅಜ್ಜನೂ ಆಟೋದವರಿಗೆ ಹಾಗೆಯೇ ಹೇಳುತ್ತಿದ್ದರು.

ಅಜ್ಜ, ಅಜ್ಜಿ ಹೋದರು. ಮನೆ ಮಾರಿ ಪಾಲು ಮಾಡಿಕೊಂಡೆವು. ಈಗ ಮರವಿದ್ದಲ್ಲಿ ಕಾರುಗಳು ನಿಲ್ಲುತ್ತವೆ. ನಮ್ಮ ಜೊತೆ ಕೆಂಗೇರಿಗೆ ಬಂದ ಅತ್ತೆಯೂ ಹೋದ ವರ್ಷ ತೀರಿಕೊಂಡಳು.

ವಿಜಯನಗರದ ಆ ಮನೆ ಖಾಲಿ ಮಾಡಿದ ದಿನ ಕೊಂಬೆಗಳು ಹೂ ಹೊತ್ತು ಗೇಟಿಗೆ ಅಡ್ಡವಾಗಿ ಇಳಿದಿದ್ದವು. “ಅಮ್ಮಾ, ಬೀರು ಹೋಗಲ್ಲ, ಸ್ವಲ್ಪ ಕಡೀಲಾ?” ಎಂದು ಕೇಳಿದ ಸಾಮಾನು ಹೊರುವವನು.

“ಬೇಡಪ್ಪ, ನಾನು ಹಿಡ್ಕೋತೀನಿ.”

ಬೀರು, ಮಂಚ, ಅಕ್ಕಿ ಡಬ್ಬ, ಆಮೇಲೆ ನಾವೆಲ್ಲ ಒಬ್ಬೊಬ್ಬರಾಗಿ ದಾಟುವವರೆಗೂ ಅತ್ತೆ ಆ ಕೊಂಬೆಗಳನ್ನು ಬಾಗಿಲಿನ ಪರದೆಯ ಹಾಗೆ ಎರಡೂ ಕೈಯಲ್ಲಿ ಒತ್ತರಿಸಿ ಹಿಡಿದು ನಿಂತಿದ್ದಳು. ಕೊನೆಗೆ ತಾನೂ ಹೊರಗೆ ಬಂದು, ಮೆಲ್ಲಗೆ ಕೈಬಿಟ್ಟಳು.