ಟೆಲಿಫೋನ್ ಅತ್ತಿ ಮತ್ತು ತೂತಿನ ಪೆಟ್ಟಿಗೆ

ಪ್ಯಾಚ್‌ಬೇ, ಅಂದರೆ ವೈರು ಕೂಡಿಸುವ ತೂತಿನ ಪೆಟ್ಟಿಗೆ, ಬಂದ ದಿನ ಥರ್ಮೊಕೋಲ್ ಸರಿಸಿದ ಕೂಡಲೇ ಹೊಸ ರಬ್ಬರಿನ ವಾಸನೆ, ಅದರ ಜೊತೆಗೆ ತಣ್ಣನೆಯ ಹಿತ್ತಾಳೆಯ ವಾಸನೆ ಮೂಗಿಗೆ ಬಡಿಯಿತು. ತಡೆಯಲಾಗಲಿಲ್ಲ. ಇನ್ನೂ ಏನನ್ನೂ ಜೋಡಿಸದೆ, ಸುಮ್ಮನೆ ಒಂದು ವೈರಿನ ತುದಿ ಹಿಡಿದು ತೂತಿಗೆ ಒತ್ತಿದೆ. ಟಕ್! ಆ ಸದ್ದು ಕೇಳಿದ್ದೇ ತಡ, ಮೈಯೆಲ್ಲ ಜುಮ್ಮೆಂದಿತು. ಜಹೀರಾಬಾದಿನ ಈ ಕೋಣೆ ಎತ್ತಲೋ ಹೋಗಿ, ನಾನು ನಾರಾಯಣಖೇಡದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದೆ...

ನಮ್ಮವರು ಹಿಂದಿನಿಂದ ಬಂದು ಇಣುಕಿದರು. "ಇಷ್ಟು ತೂತಿಂದು ಬೇಕಾಗಿದ್ರ ಜರಡಿನೇ ಸಸ್ತಾ ಬರ್ತಿತ್ತಲ್ಲ!" ಅಂದರು.

ನಗಲಿ ಬಿಡಿ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಮೇಲೆ ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡವಳು ನಾನು. ನೆಲಕ್ಕೆ ತಾಂಡೂರು ಕಲ್ಲು. ಚಪ್ಪಾಳೆ ತಟ್ಟಿದರೆ ಅದು ತಿರುಗಿ ಚಪ್ಪಾಳೆ ತಟ್ಟುತ್ತದೆ. ಅದರ ಬಾಯಿ ಮುಚ್ಚಿಸಲು ಅವ್ವ ಹೊಲಿದ ಕೌದಿಗಳನ್ನೆಲ್ಲ ಹಾಸಿದ್ದೇನೆ. ಮಿಕ್ಸರ್, ಕೀಬೋರ್ಡ್, ಹಳೆಯ ಕ್ಯಾಸೆಟ್ ಡೆಕ್, ರೆಕಾರ್ಡ್ ಮಾಡುವ ಡಬ್ಬಿ, ಎಲ್ಲವೂ ಒಂದೇ ಮೇಜಿನ ಮೇಲೆ. ಒಂದನ್ನು ಬಿಚ್ಚಿ ಇನ್ನೊಂದನ್ನು ಕೂಡಿಸಬೇಕಾದಾಗಲೆಲ್ಲ ಈ ಮಂಡಿನೋವಿನಲ್ಲಿ ಮೇಜಿನ ಹಿಂದೆ ತೆವಳಬೇಕು. ಪ್ಯಾಚ್‌ಬೇ ಇದ್ದರೆ ಎಲ್ಲ ವೈರುಗಳೂ ಒಮ್ಮೆ ಅದರ ಬೆನ್ನಿಗೆ ಸೇರುತ್ತವೆ. ಆಮೇಲೆ ಕುಳಿತಲ್ಲೇ ಮುಂದಿನ ತೂತುಗಳಲ್ಲಿ ಆಟ.

ಆರಿಸುವುದಕ್ಕೂ ಏನು ಸಂಭ್ರಮಪಟ್ಟೆ! ಹಿಂದೆ ಬೆಸುಗೆ ಹಾಕಬೇಕಾದ ದುಬಾರಿ ಪೆಟ್ಟಿಗೆಗಳಿಗೆ ದೂರದಿಂದಲೇ ಕೈಮುಗಿದೆ. ಹಿಂದೆಯೂ ಮುಂದೆಯೂ ಒಂದೇ ಬಗೆಯ ತೂತಿರುವ ಅಗ್ಗದ ಪೆಟ್ಟಿಗೆಯೇ ಸಾಕೆಂದೆ. ಆದರೆ ವೈರು ಮಾತ್ರ ಗಟ್ಟಿಯಾದವನ್ನೇ ತಂದೆ. ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತದೆ, ಮೊದಲು ಸಾಯುವುದು ವೈರು ಎಂದು ಎಕ್ಸ್‌ಚೇಂಜಿನಲ್ಲಿ ಕಣ್ಣಾರೆ ಕಂಡಿದ್ದೆನಲ್ಲ. ಅಲ್ಲಿನ ಹಗ್ಗದಂಥ ವೈರುಗಳ ಕುತ್ತಿಗೆಗೆಲ್ಲ ಬಟ್ಟೆಯ ಪಟ್ಟಿ ಸುತ್ತಿರುತ್ತಿತ್ತು. ಸುತ್ತಿದವಳು ಟೆಲಿಫೋನ್ ಅತ್ತಿ.

ಅತ್ತಿ ಅಂದರೆ ಸ್ವಂತ ಅತ್ತೆಯಲ್ಲ, ನಮ್ಮ ಪಕ್ಕದ ಮನೆಯವಳು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಸಿರು ಬಳೆ. ಆಗ ನಂಬರು ತಿರುಗಿಸಿದರೆ ಫೋನು ಹತ್ತುತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತ ಅತ್ತಿ ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಚುಚ್ಚಿದರೆ ಮಾತ್ರ ಊರಿಗೆ ಊರು ಮಾತಾಡುತ್ತಿತ್ತು. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ಸಾಬರಿಗೆ ದಖನಿ. ಕೈ ಒಂದು ಕಡೆ, ನಾಲಿಗೆ ಒಂದು ಕಡೆ. ಊರಿನ ಗುಟ್ಟೆಲ್ಲ ಅವಳಿಗೆ ಗೊತ್ತು ಎಂದು ಹೆಂಗಸರು ಬಾವಿಯ ಹತ್ತಿರ ಕೆಣಕುತ್ತಿದ್ದರು. ಅವಳದು ಒಂದೇ ಉತ್ತರ: "ಕೂಡ್ಸೂದು ನನ್ನ ಕೆಲ್ಸ. ಕೇಳೂದಲ್ಲ."

ಅಪ್ಪ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಅಂಗಡಿಯಲ್ಲಿ ಗುಮಾಸ್ತ. ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ನನಗೆ ಹಾರ್ಮೋನಿಯಂ ಕಲಿಸಲು ರಾಯಿಕೋಡಿನಿಂದ ಒಬ್ಬ ಮಾಸ್ತರರು ಬರುತ್ತಿದ್ದರು, ಪೆಟ್ಟಿಗೆಯೂ ಅವರದೇ. ಏಳನೇ ಇಯತ್ತೆ ಮುಗಿದದ್ದೇ ಅಪ್ಪ ಹೇಳಿ ಕಳಿಸಿದ: ಹುಡುಗಿ ದೊಡ್ಡವಳಾದಳು, ಹಾಡು ಸಾಕು, ಐತವಾರ ಬಂದು ಪೆಟ್ಟಿಗೆ ವಾಪಸು ಮುಟ್ಟಿಸುತ್ತೇನೆ. ನಾನು ಊಟ ಬಿಟ್ಟು ಅತ್ತೆ. ಅಪ್ಪ ನಾನು ಹಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಗೋಡೆಯಾಚೆಯಿಂದ ಅತ್ತಿ ಅವ್ವನನ್ನು ಕರೆದು ಅಂದಳು: "ಕೇಳಲಾರದ ಮನಷ್ಯಾಗ ಕೇಳಿಸ್ಬೇಕವಾ. ನಾಳಿ ಮಧ್ಯಾನ ಟ್ರಂಕ್ ಕಾಲ್ ಬುಕ್ ಮಾಡು. ಮೂರು ಮಿನಿಟ್ ಸಿಗ್ತಾವ. ಅಷ್ಟರಾಗ ಹಾಡ್ಲಿ."

ಎಕ್ಸ್‌ಚೇಂಜಿನ ಮೂಲೆಯಲ್ಲಿ ಗಾಜಿನ ಗೂಡೊಂದಿತ್ತು. ನಾನೂ ಅವ್ವನೂ ಅದರೊಳಗೆ. ಗಾಜಿನಾಚೆ ಅತ್ತಿಯ ಬೆನ್ನು, ಬೋರ್ಡು. ಟಕ್... ನಾರಾಯಣಖೇಡದಿಂದ ಜಹೀರಾಬಾದು. ಅಲ್ಲಿನ ಆಪರೇಟರ್ ಇನ್ನೊಂದು ಟಕ್... ತಾಂಡೂರು. ಅಲ್ಲಿನವರು ಮತ್ತೊಂದು ಟಕ್... ಅಪ್ಪನ ಅಂಗಡಿ. ನನ್ನ ಎದೆ ನಗಾರಿಯಾಗಿತ್ತು.

"ಏನಾತು? ಯಾರಿಗೇನಾತು?" ಎಂದು ಅಪ್ಪ ಚೀರಿದ. ಟ್ರಂಕ್ ಕಾಲ್ ಎಂದರೆ ಆಗ ಸಾವಿನ ಸುದ್ದಿಯೇ.

"ಎಲ್ಲಾರೂ ಆರಾಮ ಅದೀವ್ರಿ. ಹುಡುಗಿ ಹಾಡ್ತಾಳ, ಕೇಳ್ರಿ," ಎಂದು ಅವ್ವ ಫೋನನ್ನು ನನ್ನ ಬಾಯಿಗೆ ಹಿಡಿದಳು.

ಅತ್ತ ಕಲ್ಲು ಕೊಯ್ಯುವ ಮಷೀನಿನ ಗರಗರ. ನಾನು ಕಣ್ಣು ಮುಚ್ಚಿ ಒಂದು ತತ್ವಪದ ಎತ್ತಿಕೊಂಡೆ. ಮೊದಲ ನುಡಿ ಮುಗಿಯುವಷ್ಟರಲ್ಲಿ ಗರಗರ ನಿಂತುಹೋಯಿತು. ಅಪ್ಪನೇ ಬಂದ್ ಮಾಡಿಸಿದ್ದ! ನನಗೆ ರೆಕ್ಕೆ ಬಂತು. ಎರಡನೆಯ ನುಡಿಯಲ್ಲಿ ದನಿ ಮೇಲಕ್ಕೇರಿಸಿದೆ ನೋಡಿ, ಲೈನಿನ ನಡುವಿನಿಂದ ಯಾರೋ ಗಂಡಸು "ವಾಹ್ ಬೇಟಾ, ವಾಹ್!" ಅಂದ. ಜಹೀರಾಬಾದಿನ ಆಪರೇಟರ್ ಕದ್ದು ಕೇಳುತ್ತಿದ್ದವನು, ತನ್ನ ಬಾಯಿಯೂ ಲೈನಿನ ಮೇಲಿದೆ ಎಂಬುದನ್ನೇ ಮರೆತಿದ್ದ. ಅವನ ಹಿಂದೆಯೇ ತಾಂಡೂರಿನ ಆಪರೇಟರಮ್ಮ ತೆಲುಗಿನಲ್ಲಿ ಹೊಗಳಿದ ದನಿ: "ಎಂತ ಬಾಗ ಪಾಡುತುಂದೋ!"

"ಯಾರ್ರೀ ಅದು ನಡುವ?" ಎಂದ ಅಪ್ಪ. ನಾನು ಹಾಡು ಬಿಡಲಿಲ್ಲ. ಆಮೇಲೆ ಅಪ್ಪ ನಕ್ಕದ್ದು ಕೇಳಿಸಿತು. "ಊರಿಗೂರೇ ಕೇಳಾಕತ್ತದ, ನಾ ಒಬ್ನೇ ಏನು ಬ್ಯಾಡ ಅನ್ಲಿ? ಪೆಟ್ಟಿಗಿ ಇರ್ಲಿ ಬಿಡು."

ಅಷ್ಟರಲ್ಲಿ ಅತ್ತಿಯ ಗಟ್ಟಿ ದನಿ: "ಟೈಮ್ ಆತ್ರಿ." ಲೈನು ಕಟ್. ಒಂದು ನುಡಿ ಇನ್ನೂ ಬಾಕಿಯಿತ್ತು. ಇರಲಿ, ನನ್ನ ಜನ್ಮ ಉಳಿದಿತ್ತು. ಗೂಡಿನಿಂದ ಹಾರಿ ಬಂದು ಅತ್ತಿಯ ಕಾಲಿಗೆ ಬಿದ್ದೆ.

ಮುಂದೆ ಯಂತ್ರದ ಎಕ್ಸ್‌ಚೇಂಜ್ ಬಂದು ಆ ಬೋರ್ಡು ಹೋಯಿತು. ಅತ್ತಿ ತಾಂಡೂರಿಗೆ ಹೋದಳು. ಹೋದ ವರ್ಷ ಹುಡುಕಿಕೊಂಡು ಹೋಗಿ, ಸ್ಟುಡಿಯೋ ಸುದ್ದಿ ಹೇಳಿ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದೆ. "ಅತ್ತಿ, ಅವತ್ತ ನನ್ನ ಹಾಡು ಹ್ಯಾಂಗಿತ್ತು?"

"ನಾ ಎಲ್ಲಿ ಕೇಳೀನವಾ? ಕಿವೀ ಮ್ಯಾಲಿನ ಹೆಡ್‌ಫೋನ್ ತಗದು ಮ್ಯಾಜಿನ ಮ್ಯಾಲ ಇಟ್ಟು ಗಡಿಯಾರ ನೋಡ್ಕೋತ ಕುಂತಿದ್ದೆ. ಅಪ್ಪ ಮಗಳ ನಡುವ ನನಗೇನು ಕೆಲ್ಸ? ಆ ಇಬ್ರು ಆಪರೇಟರ್ ಕೇಳ್ಯಾರಂತ ಆಮ್ಯಾಲ ಗೊತ್ತಾಗಿ ಇಬ್ರಿಗೂ ಬೈದೀನಿ!"

ನಗು ಬಂತು, ಆದರೆ ಅವಳೊಬ್ಬಳೇ ಕೇಳಿರಲಿಲ್ಲವಲ್ಲ! ಈಗಲೇ ಹಾಡುತ್ತೇನೆ ಅಂದೆ. ಮನೆ ತುಂಬ ಮಕ್ಕಳು, ಟಿವಿ. ಅತ್ತಿ ಕೈ ಅಡ್ಡ ಹಿಡಿದಳು. "ಈ ಗದ್ಲದಾಗ ಬ್ಯಾಡ. ನಿನ್ನ ಸ್ಟುಡಿಯೋ ಆಗ್ಲಿ. ಕಿವಿಗಿ ಹಾಕ್ಕೊಂಡು ಪೂರಾ ಕೇಳ್ತೀನಿ. ಈಗ ಯಾರು ಬೈತಾರ ನನಗ?"

ಪ್ಯಾಚ್‌ಬೇ ಬರುವ ಮೊದಲೇ ಅತ್ತಿ ತೀರಿಹೋದಳು...

ಈ ಪೆಟ್ಟಿಗೆಯ ಒಂದು ಗುಣ ನನಗೆ ಹುಚ್ಚು ಹಿಡಿಸಿದೆ. ಮೇಲಿನ ತೂತಿಗೆ ಬಂದ ದನಿ, ಮುಂದೆ ವೈರಿಲ್ಲದಿದ್ದರೂ ಒಳಗಿಂದೊಳಗೇ ಕೆಳಗಿನ ತೂತಿಗಿಳಿದು ರೆಕಾರ್ಡಿಗೆ ಹೋಗುತ್ತದೆ. ಮೇಲಿನದಕ್ಕೆ ವೈರು ಚುಚ್ಚಿದರೂ ಆ ದಾರಿ ಕಡಿಯುವುದಿಲ್ಲ. ಚುಚ್ಚಿದವರಿಗೂ ಒಂದು ಪಾಲು ಸಿಗುತ್ತದೆ, ಅಷ್ಟೆ. ಯಾರಿಗೂ ಅಡ್ಡಬಾರದೆ ಕೇಳಬಹುದು. ಇದನ್ನು ಅತ್ತಿಗೆ ತೋರಿಸಬೇಕಾಗಿತ್ತು. ತೋರಿಸಲಾಗಲಿಲ್ಲ ಎಂಬ ನೋವು ಇದೆ, ಇರುತ್ತದೆ.

ನಿನ್ನೆ ಎಲ್ಲ ಜೋಡಿಸಿ ಮುಗಿಸಿದೆ. ಮೇಲಿನ ತೂತಿನಿಂದ ಒಂದು ವೈರು ಎಳೆದು ಎರಡನೆಯ ಹೆಡ್‌ಫೋನಿಗೆ ಕೊಟ್ಟು, ಅದನ್ನು ಎದುರಿನ ಖಾಲಿ ಕುರ್ಚಿಯ ಮೇಲಿಟ್ಟೆ. ನಮ್ಮವರು ನೋಡಿದರು; ಈ ಸಲ ಜರಡಿಯ ಮಾತೆತ್ತದೆ, ಬಾಗಿಲು ಮುಂದೆ ಮಾಡಿಕೊಂಡು ಹೋದರು. ಅದೇ ಪದ ಎತ್ತಿಕೊಂಡೆ. ಮೊದಲ ನುಡಿ, ಎರಡನೆಯ ನುಡಿ. ಅವತ್ತು ಉಳಿದಿದ್ದ ಕೊನೆಯ ನುಡಿಗೆ ಬರುವಷ್ಟರಲ್ಲಿ ಮೂರು ನಿಮಿಷ ದಾಟಿತ್ತು. "ಟೈಮ್ ಆತ್ರಿ" ಎಂದು ಯಾರೂ ಅನ್ನಲಿಲ್ಲ.